ಹಗ್ಗ ಉಂಟು, ಮಚ್ಚು ಉಂಟು, ಸಾಹಸ ಮಾತ್ರ ಇಲ್ಲ

ನೆರೆದ ಮಹಾಜನಗಳೇ! ಅರಸೀಕೆರೆ ಜಂಕ್ಷನ್ನಿನಲ್ಲಿ ತಡವಾದ ಗಾಡಿಗಾಗಿ ಕಾಯುತ್ತಾ ಇದೇ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿರುವವರೇ, ಕೊಬ್ಬರಿ ಮಂಡಿಯ ಜಗಲಿಯಲ್ಲಿ ಕಿವಿಯನ್ನು ಹರಾಜಿಗೆ ಕೊಟ್ಟು ಕಣ್ಣನ್ನಷ್ಟೇ ಇತ್ತ ಇಟ್ಟಿರುವವರೇ, ಬೇಲೂರು ಬಸ್ಸಿನಲ್ಲಿ ಪಕ್ಕದವರ ಪತ್ರಿಕೆಯನ್ನು ಓರೆಗಣ್ಣಿನಲ್ಲಿ ಓದುತ್ತಿರುವ ತಾಯಂದಿರೇ! ಸ್ವಲ್ಪ ಹತ್ತಿರ ಬನ್ನಿ. ಈ ಪತ್ರ ನಿಮಗಲ್ಲ, ವಿಮಾ ಸಂಸ್ಥೆಯ ಶಾಖಾ ವ್ಯವಸ್ಥಾಪಕರಿಗೆ. ಆದರೆ ಈ ಹಿಂದೆ ಮೂರು ಸಲ ಅವರೊಬ್ಬರಿಗೇ ಗುಟ್ಟಾಗಿ ಬರೆದು ಕೆಟ್ಟಿದ್ದೇನೆ. ಈ ಸಲ ಸಾಕ್ಷಿಗಳಿರಲಿ ಎಂದು ನಿಮ್ಮೆಲ್ಲರ ಎದುರಿಗೇ ಪರದೆ ಎತ್ತುತ್ತಿದ್ದೇನೆ.

ಮಾನ್ಯ ಶಾಖಾ ವ್ಯವಸ್ಥಾಪಕರೇ,

ಮಾದಿಹಳ್ಳಿಯ ಶಾಲೆಯಲ್ಲಿ ಸಮಾಜ ಪಾಠ ಹೇಳುವ ರುದ್ರಮ್ಮ ಟೀಚರ್ ಬರುವ ಮೇ ತಿಂಗಳಲ್ಲಿ ಹಿಮಾಲಯದ ಕಡೆ ಹನ್ನೊಂದು ದಿನದ ನಡಿಗೆಗೆ ಹೊರಟಿದ್ದಾರೆ. ಕರೆದುಕೊಂಡು ಹೋಗುವವರು ಬೆಂಗಳೂರಿನ ಒಂದು ಚಾರಣ ಸಂಸ್ಥೆ. ಅವರಿಗೆ ಬರುವ ಶನಿವಾರದೊಳಗೆ ಪ್ರವಾಸ ವಿಮೆಯ ಪತ್ರ ತಲುಪಬೇಕು. ತಲುಪದಿದ್ದರೆ ಟೀಚರ್ ಜಾಗ ಬೇರೆಯವರಿಗೆ. ಆ ಒಂದು ಹಾಳೆಗೆ ನೀವು ಕೇಳಿರುವುದು ಎರಡು ಸಾವಿರದ ನಾಲ್ಕುನೂರು ರೂಪಾಯಿ. ಅರಸೀಕೆರೆಯಿಂದ ದೆಹಲಿಗೆ ರೈಲಿನಲ್ಲಿ ಮಲಗಿಕೊಂಡು ಹೋಗಿ, ಮಲಗಿಕೊಂಡೇ ವಾಪಸ್ ಬರುವುದಕ್ಕೆ ಅದರ ಅರ್ಧ ಸಾಕು. ಅಂದರೆ ಬೆಟ್ಟಕ್ಕೆ ಹೋಗಿ ಬರುವ ಖರ್ಚಿಗಿಂತ ಬೆಟ್ಟದಿಂದ ಬೀಳದೇ ಇರುವ ಖರ್ಚು ಎರಡು ಪಟ್ಟು! ಇದು ಯಾವ ಲೋಕದ ನ್ಯಾಯ? ಬಿದ್ದರೆ ಆಸ್ಪತ್ರೆಯವರು ಕೇಳುತ್ತಾರೆ, ಬೀಳದಿದ್ದರೆ ನೀವು ಕೇಳುತ್ತೀರಿ. ನಡುವೆ ಟೀಚರ್ ನಡೆಯುವುದು ಯಾವಾಗ?

ನಾನು ಯಾರೆಂದು ನಿಮಗೆ ಗೊತ್ತಿದೆ. ಗೊತ್ತಿಲ್ಲದ ಮಹಾಜನಗಳಿಗಾಗಿ ಹೇಳುತ್ತೇನೆ. ಹೊಟ್ಟೆಪಾಡಿಗೆ ಕೊಬ್ಬರಿ ವ್ಯಾಪಾರ, ಎದೆಪಾಡಿಗೆ ನಾಟಕ. ಮೂವತ್ತು ವರ್ಷ ಈ ತಾಲ್ಲೂಕಿನ ಊರೂರಿನ ಚಪ್ಪರದಲ್ಲಿ ಕಿರೀಟ ಇಟ್ಟು ಗದೆ ಹೊತ್ತವನು. ಮೈಕು ಕೈಕೊಟ್ಟ ದಿನವೂ ಕಟ್ಟಕಡೆಯ ಚಾಪೆಯಲ್ಲಿ ಕೂತವರಿಗೆ ಮಾತು ಮುಟ್ಟಿಸಿದವನು. ಮಂಡಿ ನೋವು ಶುರುವಾದಾಗ ಡಾಕ್ಟರು, ‘ಗದೆ ಸಾಕು, ದಿನಾ ಸ್ವಲ್ಪ ನಡೀರಿ’ ಎಂದರು. ಒಬ್ಬನೇ ನಡೆದರೆ ಮಾತಾಡುವುದು ಯಾರ ಹತ್ತಿರ? ಹಾಗಾಗಿ ತೊಂಬತ್ತನಾಲ್ಕರಲ್ಲಿ ನಾಲ್ಕಾರು ಜನರನ್ನು ಸೇರಿಸಿದೆ. ಈಗ ಹದಿನೇಳು ಜನ ಇದ್ದೇವೆ. ತಿಂಗಳ ಎರಡನೇ ಭಾನುವಾರ ಒಂದು ಬೆಟ್ಟ. ಒಂದು ಸಲ ಮಾಲೇಕಲ್ಲು ತಿರುಪತಿ, ಒಂದು ಸಲ ಹಿರೇಕಲ್ಲು ಗುಡ್ಡ, ಒಂದು ಸಲ ಹಳೇಬೀಡಿನ ಮಗ್ಗುಲ ಪುಷ್ಪಗಿರಿ. ಮೇಲೆ ಹೋಗುವುದು, ಬುತ್ತಿ ಬಿಚ್ಚುವುದು, ಉಣ್ಣುವುದು, ಇಳಿಯುವುದು.

ಇದಕ್ಕೆ ಹೆಸರಿಟ್ಟವನೂ ನಾನೇ: ‘ಗಿರಿಸಾಹಸ ಮಂಡಳಿ’. ರಬ್ಬರ್ ಮೊಹರು ಕೂಡ ಮಾಡಿಸಿದೆ. ನಾಟಕದವನಿಗೆ ನಾಲ್ವರು ಸೇರಿದರೆ ಮಂಡಳಿ, ಅದರಲ್ಲಿ ತಪ್ಪಿಲ್ಲ. ಇನ್ನು ಸಾಹಸ. ಸ್ವಾಮೀ, ನಮ್ಮ ಸೀಮೆಯಲ್ಲಿ ಸಾಹಸ ಎಂದರೆ ಏನೆಂದು ನಿಮಗೆ ತಿಳಿಯದೇ? ‘ಸಾಹಸ ಮಾಡಿ ಸೀಟು ಹಿಡಿದೆ ಕಣ್ರೀ’ ಎನ್ನುತ್ತೇವೆ. ‘ಆ ಆಫೀಸ್ನಲ್ಲಿ ಒಂದು ಸಹಿ ಹಾಕ್ಸೋ ಹೊತ್ಗೆ ಸಾಹಸ ಆಗೋಯ್ತು’ ಎನ್ನುತ್ತೇವೆ. ಭಾನುವಾರ ಬೆಳಿಗ್ಗೆ ಆರಕ್ಕೆ ಹದಿನೇಳು ಜನರನ್ನು ಹಾಸಿಗೆ ಬಿಡಿಸಿ, ಅವರವರ ಮನೆಯವರಿಂದ ಒಪ್ಪಿಗೆ ಪಡೆದು, ಬಸ್‌ಸ್ಟ್ಯಾಂಡಿಗೆ ತಂದು ನಿಲ್ಲಿಸುವುದಿದೆಯಲ್ಲ, ಸಾಹಸ ಎಂದರೆ ಅದು. ಅದಾದ ಮೇಲಿನದೆಲ್ಲ ಬರೀ ನಡಿಗೆ. ಆದರೆ ನಿಮ್ಮ ಕಚೇರಿಯ ನಿಘಂಟಿನಲ್ಲಿ ಸಾಹಸಕ್ಕೆ ಬೇರೆಯೇ ಅರ್ಥ, ಬೇರೆಯೇ ದರ ಎಂದು ನಮಗೆ ಯಾರೂ ಹೇಳಲಿಲ್ಲ.

ನಮ್ಮ ಸಾಹಸಿಗಳಲ್ಲಿ ಒಬ್ಬರನ್ನು ತೋರಿಸುತ್ತೇನೆ, ನೀವೇ ಅಳೆದು ನೋಡಿ. ಗಿಡ್ಡಪ್ಪ ಅಂತ. ಬಾಣಾವರದ ಸುತ್ತಮುತ್ತಲ ತೋಟಗಳಲ್ಲಿ ತೆಂಗಿನ ಮರ ಹತ್ತಿ ಕಾಯಿ ಕೆಡಹುವವನು. ದಿನಕ್ಕೆ ನಲವತ್ತು ಮರ. ಹೋದ ವರ್ಷ ಮಾಲೇಕಲ್ಲಿನ ಮೆಟ್ಟಿಲು ಹತ್ತುವಾಗ ಹೊನ್ನಯ್ಯ ಅವನನ್ನು ಕೆಣಕಿದ. ಹೊನ್ನಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತನಾದವನು, ನಮ್ಮಲ್ಲಿ ಎಲ್ಲರಿಗಿಂತ ಹಿರಿಯ.

“ಏನ್ಲಾ ಗಿಡ್ಡಪ್ಪ, ವಾರವೆಲ್ಲ ಹತ್ತಿದ್ದು ಸಾಲ್ದು ಅಂತ ಭಾನುವಾರಾನೂ ಹತ್ತಕ್ಕೆ ಬತ್ತೀಯಲ್ಲ, ಹುಚ್ಚೇನ್ಲಾ?”

“ಅಯ್ಯೋ, ವಾರವೆಲ್ಲ ಮರದ ಮ್ಯಾಲೇ ಇರ್ತೀನಿ ಕಣಣ್ಣೋ. ಒಂದಿನಾನಾದ್ರೂ ನೆಲದ ಮ್ಯಾಲೆ ನಡೀಬ್ಯಾಡ್ವಾ?”

ಕೇಳಿಸಿಕೊಂಡಿರಾ? ನೀವು ಯಾವುದನ್ನು ಪರ್ವತಾರೋಹಣ ಎಂದು ಬರೆದುಕೊಂಡಿದ್ದೀರೋ ಅದು ಗಿಡ್ಡಪ್ಪನಿಗೆ ನೆಲ!

ವಿಮೆಯ ಯೋಚನೆ ಬಂದದ್ದು ನನ್ನ ಹೆಂಡತಿ ಸುಮಿತ್ರಮ್ಮನಿಂದ. ತೊಂಬತ್ತೆಂಟರ ಒಂದು ಬೆಳಿಗ್ಗೆ ಬುತ್ತಿ ಕಟ್ಟುತ್ತಾ ಅವಳು, “ನಿಮ್ಮ ಹಿಂದೆ ಬರೋರಿಗೆ ಏನಾದ್ರೂ ಆದ್ರೆ ಅವರ ಮನೆಯವರು ಬರೋದು ನಮ್ಮನೆ ಬಾಗಿಲಿಗೆ. ಆಗ ನಿಮ್ಮ ಡೈಲಾಗ್ ಕೇಳ್ಕೊಂಡು ಹೋಗ್ತಾರಾ?” ಎಂದಳು. ಮೂವತ್ತು ವರ್ಷ ನನ್ನ ಡೈಲಾಗಿಗೆ ಬಗ್ಗದ ಏಕೈಕ ಪ್ರೇಕ್ಷಕಿ ಅವಳು. ಆ ವಾರವೇ ನಿಮ್ಮ ಏಜೆಂಟ್ ಇಂದ್ರೇಶ್ ಅವರನ್ನು ಮಂಡಿಗೆ ಕರೆಸಿ, ಮಂಡಳಿಯ ಹೆಸರಿನಲ್ಲಿ ಎಲ್ಲರಿಗೂ ಸೇರಿ ಒಂದು ಪಾಲಿಸಿ ಮಾಡಿಸಿದೆ. ಮೊದಲ ವರ್ಷ ತಲೆಗೆ ನಲವತ್ತು ರೂಪಾಯಿ. ಒಂದು ಮಸಾಲೆ ದೋಸೆ, ಒಂದು ಕಾಫಿ ಬಿಟ್ಟಂತೆ. ಯಾರೂ ಗೊಣಗಲಿಲ್ಲ. ಮರುವರ್ಷ ತೊಂಬತ್ತು. ಆಮೇಲೆ ನೂರೆಂಬತ್ತು. ಹೋದ ವರ್ಷ ಮುನ್ನೂರೈವತ್ತು. ಇತ್ತ ಕೊಬ್ಬರಿಯ ಧಾರಣೆ ಇಳಿಯುತ್ತಿದ್ದರೆ ಅತ್ತ ನಿಮ್ಮ ಕಂತು ಏರುತ್ತಿತ್ತು. ಸತ್ಯವಾಗಿ ಹೇಳುತ್ತೇನೆ, ನಮ್ಮ ಮಂಡಳಿಯಲ್ಲಿ ನಿಜವಾದ ಪರ್ವತಾರೋಹಣ ಮಾಡಿದ್ದು ಆ ಕಂತು ಒಂದೇ. ಹಗ್ಗವಿಲ್ಲದೆ, ಮೆಟ್ಟಿಲಿಲ್ಲದೆ, ಒಮ್ಮೆಯೂ ಕಾಲು ಜಾರದೆ!

ಕಾಲು ಜಾರಿದ್ದು ಹೊನ್ನಯ್ಯನದು. ಈ ಎಂಟು ವರ್ಷದಲ್ಲಿ ನಮಗೆ ಆದ ಅಪಘಾತ ಅದೊಂದೇ. ಪುಷ್ಪಗಿರಿಯನ್ನು ಹತ್ತಿ, ಇಳಿದು, ಹಳೇಬೀಡಿನ ಬಸ್‌ಸ್ಟ್ಯಾಂಡಿಗೆ ಬಂದು, ‘ಉಸ್ಸಪ್ಪಾ’ ಎಂದು ನಿಂತವನು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟ. ಕಾಲಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪಟ್ಟಿ. ನಿಮಗೆ ಪರಿಹಾರ ಕೇಳಿ ಬರೆದೆವು. ನೀವು ಉತ್ತರಿಸಿದಿರಿ: ‘ಸದರಿ ಅಪಘಾತವು ಸಾಹಸ ಚಟುವಟಿಕೆ ಮುಗಿದ ನಂತರ, ಸಮತಟ್ಟಾದ ನೆಲದಲ್ಲಿ ಸಂಭವಿಸಿರುವುದರಿಂದ ಪರಿಹಾರಕ್ಕೆ ಅರ್ಹವಾಗಿರುವುದಿಲ್ಲ.’ ಹೊನ್ನಯ್ಯನಿಗೆ ಓದಿ ಹೇಳಿದೆ. ಅವನು ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಸರಿಮಾಡಿ ಇಟ್ಟುಕೊಂಡ.

“ಹಂಗಾರೆ ಸ್ವಾಮಿ, ಕಾಲು ವಾಸಿ ಆದ್ಮ್ಯಾಲೆ ಇನ್ನೊಂದ್ಸಲ ಮ್ಯಾಕೋಗಿ ಬಿದ್ದು ಬರ್ಲಾ? ಅವ್ರು ಬೇಜಾರು ಮಾಡ್ಕಬಾರ್ದು ನೋಡಿ.”

ಅಪಾಯ ಎಲ್ಲಿದೆ ಎಂಬುದನ್ನು ನೀವು ಯಾವ ಕನ್ನಡಕದಿಂದ ನೋಡುತ್ತೀರಿ, ಮಾನ್ಯರೇ? ಬೇಲೂರಿಗೆ ಒಂದು ದಿನ ಬಂದು, ಗುಡಿಯನ್ನು ಹೊತ್ತಿರುವ ಆ ಎತ್ತರದ ಕಲ್ಲಿನ ಕಟ್ಟೆ, ಜಗತಿಯ ಮೇಲೆ ನಿಲ್ಲಿ. ಬರುವ ಪ್ರವಾಸಿಗಳೆಲ್ಲ ಮಾಡಿನ ಕೆಳಗಿನ ಶಿಲ್ಪವನ್ನು ನೋಡಲು ಕತ್ತು ಎತ್ತುತ್ತಾರೆ. ಕತ್ತು ಎತ್ತಿದವರು ಇನ್ನೂ ಚೆನ್ನಾಗಿ ಕಾಣಲಿ ಎಂದು ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ. ಫೋಟೋ ಹಿಡಿಯುವವರು ಎರಡು ಹೆಜ್ಜೆ. ಜಗತಿಯ ಅಂಚಿಗೆ ಕಂಬಿಯ ಕಟಾಂಜನ ಇಲ್ಲ. ಗೈಡುಗಳು ಶಿಲ್ಪದ ಕಥೆ ಹೇಳುವುದಕ್ಕಿಂತ ‘ಸಾರ್, ಹಿಂದೆ ನೋಡ್ಕೊಳ್ಳಿ, ಹಿಂದೆ!’ ಎಂದು ಕೂಗುವುದೇ ಹೆಚ್ಚು. ಕಣ್ಣನ್ನು ಆಕಾಶಕ್ಕೆ ಕೊಟ್ಟು ಹಿಂದುಹಿಂದಕ್ಕೆ ನಡೆಯುವ ಆ ಪ್ರವಾಸ ನಿಮ್ಮಲ್ಲಿ ‘ಸಾಮಾನ್ಯ’. ಕಣ್ಣನ್ನು ಕಾಲಿನ ಮೇಲಿಟ್ಟು ಮುಂದುಮುಂದಕ್ಕೆ ನಡೆಯುವ ನಮ್ಮದು ‘ಅಪಾಯಕಾರಿ’. ಬಾಣಾವರದ ಬಸ್ಸಿನ ಹಿಂದಿನ ಏಣಿಗೆ ನೇತಾಡಿಕೊಂಡು ಬರುವವನು ಸಾಮಾನ್ಯ, ಮಾಲೇಕಲ್ಲಿನ ಮೆಟ್ಟಿಲುಗಳಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಅಜ್ಜಿಯ ಹಿಂದೆ ನಿಂತು, ‘ಅಜ್ಜೀ, ಸ್ವಲ್ಪ ದಾರಿ ಬಿಡಿ’ ಎನ್ನುವ ನಾನು ಸಾಹಸಿ!

ಇರಲಿ. ಇದೆಲ್ಲ ನಮ್ಮ ನಿಮ್ಮ ನಡುವಿನ ಹಳೆಯ ಸರಸ. ನಗುತ್ತಾ ತೆರುತ್ತಿದ್ದೆವು, ಇನ್ನೂ ತೆರುತ್ತಿದ್ದೆವೋ ಏನೋ. ಈ ಪತ್ರ ಬರೆಯುವಂತೆ ಮಾಡಿದ್ದು ರುದ್ರಮ್ಮ ಟೀಚರ್ ಸಂಗತಿ.

ನಮ್ಮ ಹದಿನೇಳು ಜನರಲ್ಲಿ ಒಬ್ಬರಾದ ಟೀಚರ್ ಮೂವತ್ತೊಂದು ವರ್ಷದಿಂದ ಭೂಪಟ ತೋರಿಸಿ ಪಾಠ ಮಾಡುತ್ತಿದ್ದಾರೆ. ಅವರ ಶಾಲೆಯಲ್ಲಿ ಬಟ್ಟೆ ಅಂಟಿಸಿದ ಭಾರತದ ಒಂದು ಹಳೆಯ ಪಟ ಇದೆ. ವರ್ಷಾ ವರ್ಷಾ ಕೋಲಿನಿಂದ ಚುಚ್ಚಿ ಚುಚ್ಚಿ, ‘ನೋಡ್ರಪ್ಪಾ, ಉತ್ತರದಲ್ಲಿ ಹಿಮಾಲಯ’ ಎಂದು ತೋರಿಸಿದ್ದಕ್ಕೆ ಅದರಲ್ಲಿ ಹಿಮಾಲಯ ಇರುವ ಜಾಗ ತೂತು ಬಿದ್ದಿದೆ. ಒಂದು ಸಲ ಬೆಟ್ಟದ ಮೇಲೆ ಚಿತ್ರಾನ್ನ ತಿನ್ನುತ್ತಾ ಅವರೇ ಹೇಳಿದರು:

“ಈಗ ಹಿಮಾಲಯ ಎಲ್ಲಿ ಅಂದ್ರೆ ತೂತು ತೋರಿಸ್ತೀನಿ, ಅದರೊಳಗೆ ಗೋಡೆ ಸುಣ್ಣ ಕಾಣುತ್ತೆ. ‘ಅದೇ ಹಿಮಾನಾ ಮಿಸ್?’ ಅಂತಾರೆ. ಸರಿ, ನಗ್ತೀನಿ. ಆಮೇಲೆ ಒಬ್ಬರಾದ್ರೂ ಕೇಳೇ ಕೇಳ್ತಾರೆ, ‘ಮಿಸ್, ನೀವು ನೋಡಿದ್ದೀರಾ?’ ಮೂವತ್ತೊಂದು ವರ್ಷದಿಂದ ಒಂದೇ ಉತ್ತರ, ‘ಇಲ್ಲ ಕಣ್ರೋ, ಪುಸ್ತಕ ತೆಗೀರಿ.’”

ಬರುವ ಜುಲೈಗೆ ಟೀಚರ್‌ಗೆ ಐವತ್ತೆಂಟು ತುಂಬುತ್ತದೆ, ಕೆಲಸದಿಂದ ನಿವೃತ್ತಿ. ಚಾರಣ ಸಂಸ್ಥೆಯವರೂ ಐವತ್ತೆಂಟು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ಅವರು ಹೋಗುವುದು ಬೇಸಿಗೆ ರಜೆಯಲ್ಲಿ ಮಾತ್ರ. ವರ್ಷಕ್ಕೊಂದೇ ತಂಡ. ಮುಂದಿನ ವರ್ಷ ಅರ್ಜಿ ಹಾಕಿದರೆ ಅವರ ಡಾಕ್ಟರು ಒಪ್ಪುವುದಿಲ್ಲ ಎಂದು ಈಗಲೇ ಬರೆದು ತಿಳಿಸಿದ್ದಾರೆ. ಆದ್ದರಿಂದ ಇದೇ ಮೇ, ಇಲ್ಲವಾದರೆ ಇಲ್ಲ. ಆರು ತಿಂಗಳಿನಿಂದ ದಿನಾ ಬೆಳಿಗ್ಗೆ ಶಾಲೆಗೆ ಮುಂಚೆ ಹೊಸ ಶೂ ಹಾಕಿಕೊಂಡು ಹಳೇಬೀಡಿನ ರಸ್ತೆಯಲ್ಲಿ ಒಂದೂವರೆ ಗಂಟೆ ನಡೆಯುತ್ತಿದ್ದಾರೆ. ಮೊದಮೊದಲು ಮಾದಿಹಳ್ಳಿಗೆ ಬರುವ ಬಸ್ಸು ದಿನವೂ ಅವರ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ‘ಹತ್ತಿ ಟೀಚರೇ, ಚಿಲ್ಲರೆ ಇಲ್ದಿದ್ರೆ ನಾಳೆ ಕೊಡೀರಂತೆ’ ಎಂದು ಕಂಡಕ್ಟರು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು. ಟೀಚರ್ ‘ಬೇಡಪ್ಪ, ಹಿಮಾಲಯಕ್ಕೆ ಹೋಗ್ತಿದೀನಿ’ ಎನ್ನುತ್ತಿದ್ದರು. ಬಸ್ಸಿನವರೆಲ್ಲ ಒಂದು ವಾರ ಅವರ ಆರೋಗ್ಯದ ಬಗ್ಗೆ ಚಿಂತೆ ಮಾಡಿದರು. ಈಗ ಬಸ್ಸು ನಿಲ್ಲುವುದಿಲ್ಲ, ಹಾರ್ನು ಮಾತ್ರ ಹೊಡೆದು ಹೋಗುತ್ತದೆ.

ಇಂಥ ಟೀಚರ್ ಕಳೆದ ಸೋಮವಾರ ಮಂಡಿಗೆ ಬಂದರು. ಕೈಯಲ್ಲಿ ನಿಮ್ಮ ಕಚೇರಿಯ ಅರ್ಜಿ. ಅರ್ಜಿಯ ಅರ್ಧ ಭಾಗವನ್ನು ನಿಮ್ಮವರೇ ನಮ್ಮ ಮಂಡಳಿಯ ಹಳೆಯ ಕಡತ ನೋಡಿ ತುಂಬಿ, ‘ಇಲ್ಲಿ ಸಹಿ ಮಾಡಿ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು.

“ಷಡಕ್ಷರಪ್ಪನವರೇ, ಬೆಂಗಳೂರಿನವರಿಗೆ ಹೇಳಿ ನನ್ನ ಹೆಸರು ತೆಗೆಸಿಬಿಡಿ. ನಾನು ಹೋಗಲ್ಲ.”

“ಅಯ್ಯೋ ಟೀಚರೇ, ದುಡ್ಡಿಗೆ ಯಾಕೆ ಯೋಚ್ನೆ ಮಾಡ್ತೀರಿ? ಮಂಡಳಿಯೋರೆಲ್ಲ ಸೇರಿ—”

“ಚಂದಾ ಎತ್ತಿಸಿಕೊಂಡು ಹಿಮಾಲಯ ನೋಡಲ್ಲ ನಾನು. ದುಡ್ಡು ಜಾಸ್ತೀನೇ, ಅದು ಬೇರೆ ಮಾತು. ಇಲ್ಲಿ ಏನು ಬರೆದಿದ್ದಾರೆ ನೋಡಿ: ‘ಅರ್ಜಿದಾರರು ಹಗ್ಗ ಮತ್ತು ಕೊಡಲಿ ಬಳಸಿ ಪರ್ವತಾರೋಹಣ ಮಾಡುವವರು.’ ಇದರ ಕೆಳಗೆ ‘ಮೇಲಿನದೆಲ್ಲ ಸತ್ಯ’ ಅಂತ ನಾನು ಸಹಿ ಹಾಕ್ಬೇಕಂತೆ. ಮೂವತ್ತೊಂದು ವರ್ಷ ಮಕ್ಕಳಿಗೆ ಗೊತ್ತಿಲ್ದಿದ್ರೆ ಖಾಲಿ ಬಿಡಿ, ಸುಳ್ಳು ಬರೀಬೇಡಿ ಅಂದೋಳು ನಾನು. ಕೊಡಲಿ ಎಲ್ಲಿಂದ ಬಂತು? ನಮ್ಮಲ್ಲಿ ಯಾರ ಹತ್ತಿರ ಇದೆ ಕೊಡಲಿ?”

ಟೀಚರ್ ಆ ಹಾಳೆಯನ್ನು ತಕ್ಕಡಿಯ ಮೇಲಿಟ್ಟು, ಮೇಲೆ ಒಂದು ತೂಕದ ಬಟ್ಟು ಇಟ್ಟು ಹೊರಟುಹೋದರು. ಬಾಗಿಲಲ್ಲಿ ನಿಂತು, “ಶೂಗೆ ಪಾಪ ಆರೇ ತಿಂಗಳು ಆಗಿತ್ತು” ಎಂದರು. ಅಷ್ಟೆ.

ಮರುದಿನ ನಾನು ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿಗೆ ಹೋಗಿದ್ದಿರಿ. ಕೌಂಟರಿನಲ್ಲಿ ಉಷಾರಾಣಿ ಎಂಬ ಹೆಣ್ಣುಮಗಳು ಇದ್ದರು. ನಾನು ಬಾಗಿಲಿನಿಂದಲೇ ಸಂಭಾಷಣೆ ಶುರು ಮಾಡಿದ್ದೆ: ‘ಯಾರು ಆ ಕೊಡಲಿಯ ಕರ್ತೃ? ಎದುರಿಗೆ ಬರಲಿ!’ ಆ ತಾಯಿ ಹೆದರಲಿಲ್ಲ. “ಕೂತ್ಕೊಳ್ಳಿ ಸಾರ್” ಎಂದು ನಮ್ಮ ಮಂಡಳಿಯ ಕಡತವನ್ನು ತಂದು ನನ್ನ ಮುಂದೆ ಬಿಚ್ಚಿಟ್ಟರು. ಕರ್ತೃ ಅವರ ಎದುರಿಗೇ ಕೂತಿದ್ದ.

ತೊಂಬತ್ತೆಂಟರ ಅರ್ಜಿ. ಅರ್ಜಿ ಇಂಗ್ಲಿಷಿನದು. ಇಂದ್ರೇಶ್ ಒಂದೊಂದನ್ನೇ ಕನ್ನಡದಲ್ಲಿ ಕೇಳಿ ಬರೆದುಕೊಂಡಿದ್ದರು, ನಾನು ಕೊಬ್ಬರಿ ತೂಗಿಸುತ್ತಾ ಉತ್ತರ ಹೇಳಿದ್ದೆ. ಏಳನೇ ಪ್ರಶ್ನೆ: ಹಗ್ಗ, ಕೊಡಲಿ ಇತ್ಯಾದಿ ಸಲಕರಣೆ ಬಳಸುವಿರಾ? ಎಲ್ಲ ನೆನಪಾಯಿತು. ‘ಹಗ್ಗ ಇದೆಯಾ ಸಾರ್?’ ಎಂದು ಅವರು ಕೇಳಿದ್ದರು. ಇಲ್ಲದೆ ಏನು, ಬುತ್ತಿಯ ಪಾತ್ರೆಯನ್ನು ಗಿಡ್ಡಪ್ಪನ ಬೆನ್ನಿಗೆ ಬಿಗಿಯುವುದಕ್ಕೆ ಎರಡು ಮಾರು ನಾರಿನ ಹಗ್ಗ ಇದ್ದೇ ಇದೆ. ‘ಕೊಡಲಿ?’ ‘ಕೊಡಲಿ ಯಾಕ್ರೀ, ಮಚ್ಚು ಸಾಕು’ ಎಂದಿದ್ದೆ. ಅವರು ಎರಡಕ್ಕೂ ಸೇರಿಸಿ ‘ಹೌದು’ ಎಂದು ಬರೆದುಕೊಂಡಿದ್ದರು. ಎಳನೀರು ಕೆತ್ತುವುದಕ್ಕೆ ಯಾರಾದರೂ ಕೊಡಲಿ ತೆಗೆದುಕೊಂಡು ಹೋಗುತ್ತಾರೆಯೇ? ಬೆಟ್ಟದ ಬುಡದ ತೋಟದಲ್ಲಿ ಗಿಡ್ಡಪ್ಪನಿಗೆ ಗುರುತಿನವರು, ತಲೆಗೊಂದು ಎಳನೀರು ನಮ್ಮ ಪದ್ಧತಿ. ಹಿಮದಲ್ಲಿ ಮೆಟ್ಟಿಲು ಕಡಿಯಲು ಕೊಡಲಿ ಒಯ್ಯುವವರೂ ಲೋಕದಲ್ಲಿದ್ದಾರೆ ಎಂದು ನನಗೇನು ಗೊತ್ತು? ಅದರ ಮುಂದೆ ಎಂಟನೇ ಪ್ರಶ್ನೆ: ಮಾರ್ಗದರ್ಶಕರು ಯಾರು? ನನ್ನ ಉತ್ತರ: ‘ಭಗವಂತ’. ಪಕ್ಕದಲ್ಲಿ ಯಾರೋ ಕೆಂ‍ಪು ಶಾಯಿಯಲ್ಲಿ ಬರೆದಿದ್ದರು: ‘ತರಬೇತಿ ಪಡೆದ ಮಾರ್ಗದರ್ಶಕರಿಲ್ಲ.’

ಇದು ಮೊದಲ ಅಂಕ. ಕಡತದಲ್ಲಿ ಇನ್ನೂ ಮೂರು ಅಂಕ ಇತ್ತು. ಪ್ರತಿ ಸಲ ಕಂತು ಏರಿದಾಗಲೂ ನಾನು ಒಂದು ಮನವಿ ಬರೆದಿದ್ದೆ. ‘ಗಗನವನ್ನು ಚುಂಬಿಸುವ ಶಿಖರಗಳಿಗೂ ಪಾತಾಳವನ್ನು ತೋರುವ ಕಮರಿಗಳಿಗೂ ಅಂಜದೆ, ಪ್ರಾಣವನ್ನು ತೃಣಕ್ಕೆ ಸಮನಾಗಿ ಬಗೆದು, ಕಾಡುಮೃಗಗಳ ಗರ್ಜನೆಯ ನಡುವೆ ಮುನ್ನುಗ್ಗುವ ಈ ಧೀರರ ಮೇಲೆ ದರ ಏರಿಸುವುದು ಧರ್ಮವೇ?’ ಬರೆದಾಗ ನನಗೇ ರೋಮಾಂಚನವಾಗಿತ್ತು. ಓದಿ ನಿಮ್ಮ ಕಚೇರಿಯವರು ಕಣ್ಣೀರು ಹಾಕಿ ದರ ಇಳಿಸುತ್ತಾರೆ ಎಂದುಕೊಂಡಿದ್ದೆ. ‘ಕಮರಿ’ ಎಂಬುದರ ಕೆಳಗೆ ಕೆಂಪು ಗೆರೆ. ‘ಕಾಡುಮೃಗ’ದ ಕೆಳಗೆ ಎರಡು ಗೆರೆ. ‘ಪ್ರಾಣವನ್ನು ತೃಣಕ್ಕೆ ಸಮನಾಗಿ’ ಎಂಬಲ್ಲಿ ಅಂಚಿನಲ್ಲಿ ಟಿಪ್ಪಣಿ: ‘ವಿಮೆದಾರರೇ ಒಪ್ಪಿಕೊಂಡಿದ್ದಾರೆ. ದರ ಪರಿಷ್ಕರಿಸಿ.’

“ಬೇಜಾರು ಮಾಡ್ಕೋಬೇಡಿ ಸಾರ್” ಎಂದರು ಉಷಾರಾಣಿ. “ನೀವು ಒಂದೊಂದು ಅರ್ಜಿ ಕೊಟ್ಟಾಗ್ಲೂ ಒಂದೊಂದು ಮೆಟ್ಟಿಲು ಏರಿದೆ. ಮೇಲಿನ ಆಫೀಸಿಗೆ ಕಳಿಸಿದ್ವಿ, ಅವರು ಓದಿ ನಮಗಿಂತ ಜಾಸ್ತಿ ಹೆದರಿಕೊಂಡ್ರು. ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ ಸಾರ್. ಅದೇ ತೊಂದರೆ ಆಗಿರೋದು.”

ನಾಟಕದಲ್ಲಿ ಎಷ್ಟೋ ಸಲ ಸತ್ತಿದ್ದೇನೆ, ಮಾನ್ಯರೇ. ನಿಮ್ಮ ಕೌಂಟರಿನ ಮುಂದಿನ ಆ ಕುರ್ಚಿಯಲ್ಲಿ ಸತ್ತಷ್ಟು ಚೆನ್ನಾಗಿ ಎಲ್ಲೂ ಸತ್ತಿರಲಿಲ್ಲ. ಹದಿನೇಳು ಜನರ ಕಂತನ್ನು ಏರಿಸಿದವನು ನಾನು. ಟೀಚರ್ ಕೈಗೆ ಕೊಡಲಿ ಕೊಟ್ಟವನೂ ನಾನೇ.

ಆದ್ದರಿಂದ ಮಹಾಜನಗಳ ಸಮಕ್ಷಮ ನನ್ನ ಹಳೆಯ ಮಾತುಗಳನ್ನೆಲ್ಲ ವಾಪಸ್ ಪಡೆಯುತ್ತೇನೆ. ಗಗನಚುಂಬಿ ಶಿಖರ ಎಂದದ್ದು ಮಾಲೇಕಲ್ಲು. ಅದಕ್ಕೆ ತುದಿಯವರೆಗೂ ಮೆಟ್ಟಿಲಿದೆ. ಪಾತಾಳ ತೋರುವ ಕಮರಿ ಎಂದದ್ದು ಪುಷ್ಪಗಿರಿಯ ಗುಡಿಯ ಹಿಂದೆ ಆಡುಗಳು ಮಲಗುವ ಬಂಡೆ. ಹೊನ್ನಯ್ಯ ಊಟವಾದ ಮೇಲೆ ಅಲ್ಲಿಯೇ ಟವೆಲ್ ಹಾಸುತ್ತಾನೆ. ಕಾಡುಮೃಗ ಎಂದದ್ದು ಒಂದು ಕೋತಿ. ಅದು ಚಿತ್ರಾನ್ನದ ಡಬ್ಬಿ ಎತ್ತಿಕೊಂಡು ಹೋಗಿ, ಖಾರ ಜಾಸ್ತಿಯಾಗಿ ವಾಪಸ್ ಎಸೆಯಿತು. ಗರ್ಜನೆ ಗಿಡ್ಡಪ್ಪನ ಗೊರಕೆ. ಪ್ರಾಣವನ್ನು ನಾವು ಯಾರೂ ತೃಣಕ್ಕೆ ಸಮ ಎಂದು ಬಗೆದಿಲ್ಲ. ಬಗೆದಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆವು?

ನನ್ನ ತಪ್ಪು ಅರ್ಧ. ಉಳಿದರ್ಧ? ನಾಟಕದಲ್ಲಿ ಗದೆಯ ಏಟು ತಿಂದು ಬಿದ್ದವನನ್ನು ಪರದೆ ಬಿದ್ದ ಮೇಲೆ ಯಾರಾದರೂ ಆಸ್ಪತ್ರೆಗೆ ಹೊತ್ತು ಹೋಗುತ್ತಾರೆಯೇ? ಹಳ್ಳಿಯ ಪ್ರೇಕ್ಷಕನಿಗೂ ತಿಳಿಯುವ ಆ ವ್ಯತ್ಯಾಸ ಅಷ್ಟು ದೊಡ್ಡ ಕಚೇರಿಗೆ ತಿಳಿಯಲಿಲ್ಲವೇ? ಕೆಂಪು ಶಾಯಿ ಖರ್ಚು ಮಾಡಿದ್ದರ ಬದಲು ಒಂದು ಭಾನುವಾರ ಖರ್ಚು ಮಾಡಿದ್ದರೆ ಸಾಕಿತ್ತು. ಬಸ್ಸಿನ ಟಿಕೆಟ್ಟೂ ನಮ್ಮದೇ, ಬುತ್ತಿಯೂ ನಮ್ಮದೇ. ಸುಮಿತ್ರಮ್ಮ ನಿಮಗಾಗಿ ಎರಡು ಒಬ್ಬಟ್ಟು ಹೆಚ್ಚಿಗೆ ಕಟ್ಟುತ್ತಿದ್ದಳು. ಕಾಡುಮೃಗ ಎಲ್ಲಿ ಎಂದು ಕೇಳಿದ್ದರೆ ಕೋತಿಯನ್ನು ತೋರಿಸುತ್ತಿದ್ದೆವು. ಒಂದು ವಿಚಿತ್ರ ನೋಡಿ. ನಾನು ಬೆಟ್ಟದ ಮೇಲೆ ಸಾಯುತ್ತೇವೆ ಎಂದು ಬರೆದಾಗ ನೀವು ಪ್ರತಿಯೊಂದು ಅಕ್ಷರವನ್ನೂ ನಂಬಿದಿರಿ. ಹೊನ್ನಯ್ಯ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದ ಎಂದು ಬರೆದಾಗ ಒಂದಕ್ಷರವನ್ನೂ ಒಪ್ಪಲಿಲ್ಲ. ಕಂತು ಕಟ್ಟಿಸಿಕೊಳ್ಳುವಾಗ ಕಾವ್ಯವನ್ನು ಓದುವವರು ಪರಿಹಾರ ಕೊಡುವಾಗ ವ್ಯಾಕರಣ ನೋಡುವುದೇಕೆ?

‘ಆದರೆ ಹಿಮಾಲಯ ಮಾಲೇಕಲ್ಲಲ್ಲ’ ಎನ್ನುತ್ತೀರಿ. ಒಪ್ಪಿದೆ. ಹಾಗೆಂದೇ ನಾನು ಚಾರಣ ಸಂಸ್ಥೆಗೆ ಫೋನು ಮಾಡಿ ವಿಚಾರಿಸಿದೆ, ಸರಳವಾದ ಗದ್ಯದಲ್ಲಿ. ಅವರು ಹೋಗುವುದು ಹಳ್ಳಿಯವರು ಕುರಿ ಹೊಡೆದುಕೊಂಡು ಹೋಗುವ ದಾರಿ. ಸಾಮಾನು ಹೇಸರಗತ್ತೆಯ ಮೇಲೆ. ಹಗ್ಗ ಇಲ್ಲ, ಕೊಡಲಿ ಇಲ್ಲ. ಜೊತೆಗೆ ತರಬೇತಿ ಪಡೆದ ಇಬ್ಬರು ಮಾರ್ಗದರ್ಶಕರು, ಒಬ್ಬ ಡಾಕ್ಟರು. ಅದೇ ತಂಡದಲ್ಲಿ, ಅದೇ ದಾರಿಯಲ್ಲಿ, ಅದೇ ಹನ್ನೊಂದು ದಿನ ನಡೆಯುವ ಬೆಂಗಳೂರಿನವರಿಗೆ ನಿಮ್ಮ ಸಂಸ್ಥೆಯ ಬೇರೊಂದು ಶಾಖೆ ವಿಮೆ ಕೊಟ್ಟಿದೆ. ಅದರಲ್ಲಿ ಚಟುವಟಿಕೆಯ ಮುಂದೆ ‘ನಡಿಗೆ’ ಎಂದು ಬರೆದಿದೆ. ಕಂತು ಆರುನೂರು. ಬೆಂಗಳೂರಿನವರು ನಡೆದರೆ ನಡಿಗೆ, ಮಾದಿಹಳ್ಳಿಯವರು ನಡೆದರೆ ಪರ್ವತಾರೋಹಣವೇ? ಹಿಮಾಲಯಕ್ಕೆ ನಾವು ಯಾವ ಊರಿನವರೆಂದು ತಿಳಿಯುತ್ತದೆಯೇ?

ನಾನು ಕೇಳುವುದು ಇಷ್ಟು. ಟೀಚರ್ ಅರ್ಜಿಯಿಂದ ಆ ಕೊಡಲಿಯನ್ನು ತೆಗೆಯಿರಿ. ನಡೆಯುವವರಿಗೆ ನಡೆಯುವವರ ದರ ಹಾಕಿ, ಬೆಂಗಳೂರಿನವರಿಗೆ ಹಾಕಿದ ಅದೇ ಆರುನೂರು, ಶನಿವಾರದೊಳಗೆ ಬೆಂಗಳೂರು ತಲುಪುವಂತೆ ಪತ್ರ ಕೊಡಿ. ನಿಮ್ಮ ಅರ್ಜಿಯಲ್ಲಿ ಏಳನೇ ಪ್ರಶ್ನೆಯ ಮುಂದೆ ‘ಯಾತಕ್ಕೆ?’ ಎಂಬ ಒಂದು ಖಾಲಿ ಗೆರೆ ಸೇರಿಸಿ. ಹಗ್ಗ ಬುತ್ತಿಗೋ ಬಂಡೆಗೋ, ಮಚ್ಚು ಎಳನೀರಿಗೋ ಹಿಮಕ್ಕೋ ಎಂದು ಬರೆಯುವಷ್ಟು ಜಾಗ. ಕಳೆದ ಮೂರು ವರ್ಷ ನಾವು ಹೆಚ್ಚಿಗೆ ತೆತ್ತದ್ದನ್ನು ವಾಪಸ್ ಕೇಳುವುದಿಲ್ಲ. ಅದು ನನ್ನ ವಿಶೇಷಣಗಳಿಗೆ ಬಿದ್ದ ದಂಡ. ಮಂಡಳಿಯವರು ಅದನ್ನು ನನ್ನಿಂದ ವಸೂಲು ಮಾಡಲು ಯೋಚಿಸುತ್ತಿದ್ದಾರೆ, ಅದು ನಮ್ಮ ಮನೆಯ ವಿಷಯ.

ನಿನ್ನೆ ಸಂಜೆ ನಾನೇ ಮಾದಿಹಳ್ಳಿಗೆ ಹೋಗಿ, ನಡೆದದ್ದನ್ನೆಲ್ಲ ಟೀಚರ್‌ಗೆ ಹೇಳಿ, ಒಂದು ಹೊಸ ಅರ್ಜಿ ಕೊಟ್ಟೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು ತಾವೇ ತುಂಬಿದರು. ಏಳನೇ ಪ್ರಶ್ನೆಗೆ ‘ಇಲ್ಲ’. ಎಂಟನೆಯದಕ್ಕೆ ಇಬ್ಬರು ಮಾರ್ಗದರ್ಶಕರ ಹೆಸರು. ಚಟುವಟಿಕೆಯ ಸ್ವರೂಪವನ್ನು ವಿವರಿಸಿ ಎಂಬಲ್ಲಿ ಒಂದೇ ಮಾತು: ‘ನಡೆಯುತ್ತೇನೆ’. ಅದರ ಸುತ್ತ ಅಷ್ಟು ದೊಡ್ಡ ಖಾಲಿ ಜಾಗ ನೋಡಿ ನನಗೆ ತಡೆಯಲಾಗಲಿಲ್ಲ.

“ಟೀಚರೇ, ಹಿಂದುಗಡೆ ಒಂದೇ ಒಂದು ವಿಶೇಷಣ ಸೇರಿಸ್ಲಾ?”

“ಪೆನ್ನು ಕೆಳಗಿಡಿ ಷಡಕ್ಷರಪ್ಪನವರೇ.”

ಇಟ್ಟೆ.

ಈ ಪತ್ರಿಕೆ ಬುಧವಾರ ನಿಮ್ಮ ಕೈ ಸೇರುತ್ತದೆ. ಮರುದಿನ ಗುರುವಾರ. ಬೆಳಿಗ್ಗೆ ಮೊದಲ ಬಸ್ಸಿಗೆ ಟೀಚರ್ ಬರುತ್ತಾರೆ, ಆ ಶೂ ಹಾಕಿಕೊಂಡು. ಹತ್ತು ಗಂಟೆಗೆ ನಿಮ್ಮ ಬಾಗಿಲು ತೆರೆದಾಗ ಅವರು ಕೌಂಟರಿನ ಮುಂದೆ ಮೊದಲಿಗರಾಗಿ ನಿಂತಿರುತ್ತಾರೆ. ನಾನೂ ಬರುತ್ತೇನೆ. ಹಗ್ಗ, ಮಚ್ಚು ಎರಡನ್ನೂ ಮನೆಯಲ್ಲಿ ಬಿಟ್ಟು ಬರುತ್ತೇನೆ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತೇನೆ, ಮತ್ತು ನೀವು ಟೀಚರ್ ಪತ್ರಕ್ಕೆ ಸಹಿ ಹಾಕಿ ಮುಗಿಸುವ ತನಕ ಒಂದೇ ಒಂದು ಮಾತನ್ನೂ ಆಡುವುದಿಲ್ಲ. ನನ್ನನ್ನು ಬಲ್ಲವರು ಯಾರನ್ನಾದರೂ ಕೇಳಿ ನೋಡಿ, ಅದು ಸಾಹಸ. ಅದಕ್ಕೆ ಬೇಕಾದರೆ ನನ್ನಿಂದ ಕಂತು ಕಟ್ಟಿಸಿಕೊಳ್ಳಿ.

ಇಂತಿ,
ಸಣ್ಣ ದನಿಯಲ್ಲಿ ಬರೆಯಲು ಈ ವಯಸ್ಸಿನಲ್ಲಿ ಕಲಿಯುತ್ತಿರುವ
ಷಡಕ್ಷರಪ್ಪ, ಕೊಬ್ಬರಿ ವ್ಯಾಪಾರಿ
ಅಧ್ಯಕ್ಷ, ಗಿರಿ . . . . . . ಮಂಡಳಿ, ಅರಸೀಕೆರೆ
(ಮೊಹರಿನ ನಡುವಿನ ಮೂರು ಅಕ್ಷರಗಳನ್ನು ನಾನೇ ಬ್ಲೇಡಿನಿಂದ ಹೆರೆದಿದ್ದೇನೆ. ಅಲ್ಲಿ ಏನಿತ್ತೆಂದು ದಯವಿಟ್ಟು ಊಹಿಸಬೇಡಿ.)